ವೈಕಂ ಸವರ್ಣ ಜಾಥಾದ ಪೂರ್ವಸಿದ್ಧತೆ

೧೯೨೪ನೆಯ ಇಸವಿ ನವೆಂಬರ್ ೧ರಂದು ತಿರುವಾಂಕೂರು ಸಂಸ್ಥಾನದ ವೈಕಂ ಎಂಬ ಊರಿನಿಂದ ಒಂದು ಪಾದಯಾತ್ರೆ ಹೊರಟಿತು. ಅದರ ಗುರಿ, ಸುಮಾರು ನೂರು ಮೈಲಿ ದೂರದಲ್ಲಿದ್ದ ರಾಜಧಾನಿ ತಿರುವನಂತಪುರ. ವೈಕಂ ಶಿವಾಲಯದ ಸುತ್ತಣ ಬೀದಿಗಳಲ್ಲಿ ಈಳವರು, ಪುಲಯರು ಮೊದಲಾದ ಅವರ್ಣರೆನಿಸಿಕೊಂಡವರೂ ನಡೆದಾಡಲು ಅವಕಾಶವಾಗಬೇಕೆಂಬುದು ಯಾತ್ರಿಕರ ಬಿನ್ನಹ. ಆದರೆ ಹೊರಟವರಾರೂ ಈಳವರಲ್ಲ, ಪುಲಯರಲ್ಲ. ಅವರು ನಾಯರ್ ಮೊದಲಾದ ಸವರ್ಣ ಜಾತಿಗಳವರು. ಆ ಬೀದಿ ಎಂದೂ ಯಾರಿಗೆ ಮುಚ್ಚಿರಲಿಲ್ಲವೋ ಅವರು. ಆದುದರಿಂದಲೇ ಅದಕ್ಕೆ ‘ಸವರ್ಣ ಜಾಥಾ’ ಎಂಬ ಹೆಸರು ನಿಂತಿತು.

ಮೆರವಣಿಗೆಗಳ ಇತಿಹಾಸದಲ್ಲಿ ಇದೊಂದು ವಿಶೇಷ ಸಂಗತಿ. ನೊಂದವನು ಬೀದಿಗಿಳಿಯಲು ಅವನ ನೋವೇ ಪ್ರೇರಣೆಯಾದೀತು. ಆ ನೋವನ್ನು ತಾನು ಉಣ್ಣದವನು, ಅಷ್ಟೇ ಅಲ್ಲ, ಅದಕ್ಕೆ ತನ್ನ ಕುಲವೇ ಕಾರಣವೆಂದು ಬಲ್ಲವನು ಹೊರಡಬೇಕಾದರೆ ಅದಕ್ಕೆ ಬೇರೆಯೇ ಬಗೆಯ ಸಿದ್ಧತೆ ಬೇಕಾಗುತ್ತದೆ. ವೈಕಂನಲ್ಲಿ ಆ ಸಿದ್ಧತೆಗೆ ಏಳು ತಿಂಗಳು ಹಿಡಿಯಿತು. ಹನ್ನೆರಡು ದಿನಗಳ ನಡಿಗೆಯನ್ನು ಚರಿತ್ರಕಾರರು ವರ್ಣಿಸಿದ್ದಾರೆ. ಅದರ ಹಿಂದಿನ ಏಳು ತಿಂಗಳುಗಳನ್ನು ಅವಲೋಕಿಸಿದಾಗ ಮಾತ್ರ ಆ ನಡಿಗೆಯ ಅರ್ಥ ತಿಳಿಯುತ್ತದೆ.

ಮೊದಲು ಆ ಬೀದಿಗಳ ವಿಷಯ. ವೈಕಂ ಮಹಾದೇವ ಕ್ಷೇತ್ರವು ಕೇರಳದ ಪ್ರಸಿದ್ಧ ಶಿವಕ್ಷೇತ್ರಗಳಲ್ಲೊಂದು. ದೇವಾಲಯದ ನಾಲ್ಕು ದಿಕ್ಕಿಗೂ ಹಾದುಹೋಗುವ ಬೀದಿಗಳಿದ್ದವು. ಅವರ್ಣರು ಇಲ್ಲಿಂದ ಮುಂದೆ ಬರಬಾರದೆಂದು ಸಾರುವ ಹಲಗೆಗಳನ್ನು ಅಲ್ಲಿ ನೆಡಲಾಗಿತ್ತು. ಮಲೆಯಾಳದಲ್ಲಿ ಇದಕ್ಕೆ ‘ತೀಂಡಲ್ ಪಲಕ’, ಅಂದರೆ ಮೈಲಿಗೆಯ ಹಲಗೆ, ಎಂದು ಹೆಸರು. ಕೇರಳದ ಅಸ್ಪೃಶ್ಯತೆ ಮುಟ್ಟುವುದರಲ್ಲಿಯೇ ನಿಲ್ಲುತ್ತಿರಲಿಲ್ಲ. ಇಂತಿಂಥ ಜಾತಿಯವನು ಇಷ್ಟಿಷ್ಟು ದೂರದಲ್ಲಿಯೇ ನಿಲ್ಲಬೇಕೆಂದು ಅಳತೆ ಗೊತ್ತುಮಾಡಿದ ಅಸ್ಪೃಶ್ಯತೆ ಅದು. ಕ್ರೈಸ್ತರೂ ಮುಸಲ್ಮಾನರೂ ಅದೇ ಬೀದಿಯಲ್ಲಿ ನಿರಾತಂಕವಾಗಿ ನಡೆದುಹೋಗಬಹುದಾಗಿತ್ತು. ಶಿವನನ್ನೇ ಮನೆದೇವರೆಂದು ನಂಬಿದ ಈಳವನಿಗೆ ಮಾತ್ರ ಶಿವಾಲಯದ ಮಗ್ಗುಲ ದಾರಿ ನಿಷಿದ್ಧ. ಇನ್ನೊಂದು ಮಾತನ್ನೂ ಗಮನಿಸಬೇಕು: ಇವು ದೇವಾಲಯದ ಒಳಾಂಗಣಗಳಲ್ಲ, ಜನ ಓಡಾಡುವ ಬೀದಿಗಳು. ಹೋರಾಟಗಾರರು ದೇವಾಲಯ ಪ್ರವೇಶವನ್ನು ಕೇಳದೆ ಬೀದಿಯನ್ನಷ್ಟೇ ಕೇಳಿದುದರ ಮರ್ಮ ಇದು.

ಈ ಪ್ರಶ್ನೆಯನ್ನು ರಾಷ್ಟ್ರದ ಮುಂದಿಟ್ಟವರು ಈಳವ ಸಮಾಜದ ಮುಖಂಡರಾದ ಟಿ. ಕೆ. ಮಾಧವನ್. ೧೯೨೩ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯತಾ ನಿವಾರಣೆಯ ನಿರ್ಣಯ ಅಂಗೀಕಾರವಾಗುವಂತೆ ಅವರು ಶ್ರಮಿಸಿದರು. ಮರುತಿಂಗಳೇ ಕೇರಳ ಪ್ರಾಂತ ಕಾಂಗ್ರೆಸ್ ಕಮಿಟಿ ಎರ್ನಾಕುಲಂನಲ್ಲಿ ಸಭೆ ಸೇರಿ, ಕೆ. ಕೇಳಪ್ಪನ್ ಅವರ ಸಂಚಾಲಕತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಕೇಳಪ್ಪನ್ ನಾಯರ್ ಕುಲದವರು, ಮಾಧವನ್ ಈಳವರು. ಸಮಿತಿಯ ಸದಸ್ಯರು ಊರೂರು ಸುತ್ತಿ ವೈಕಂಗೆ ಬಂದಾಗ, ಎಲ್ಲ ಜಾತಿಯವರೂ ಸೇರಿ ನಿಷಿದ್ಧ ಬೀದಿಯಲ್ಲಿ ಮೆರವಣಿಗೆ ಹೊರಡುವುದೆಂದು ಸಾರ್ವಜನಿಕ ಸಭೆಯಲ್ಲಿಯೇ ಘೋಷಿಸಿದರು.

ಆದರೆ ಘೋಷಿಸಿದ ದಿನ ಆ ಮೆರವಣಿಗೆ ಹೊರಡಲಿಲ್ಲ. ಸ್ಥಳೀಯ ಸವರ್ಣರೊಡನೆ ಮಾತನಾಡಲು ಕಾಲಾವಕಾಶ ಬೇಕೆಂಬ ಕೋರಿಕೆ ಬಂದುದರಿಂದ ಅದನ್ನು ಮಾರ್ಚ್ ೩೦ಕ್ಕೆ ಮುಂದೂಡಲಾಯಿತು. ಇದನ್ನು ಹಿಂಜರಿಕೆ ಎಂದವರು ಅಂದೂ ಇದ್ದರು. ವಾಸ್ತವವಾಗಿ ಆ ಕೆಲವು ವಾರಗಳೇ ಹೋರಾಟಕ್ಕೆ ಒಂದು ರೂಪ ಕೊಟ್ಟವು. ಸ್ವಯಂಸೇವಕರು ಬಂದು ನೆರೆದರು. ಅವರಿಗೆ ವಸತಿಯೂ ಊಟವೂ ಏರ್ಪಟ್ಟವು. ಬೈದರೆ ಮರುಮಾತಾಡಕೂಡದು, ಹೊಡೆದರೆ ಕೈಯೆತ್ತಕೂಡದು, ಬಂಧಿಸಿದರೆ ತಪ್ಪಿಸಿಕೊಳ್ಳಕೂಡದು ಎಂಬ ಶಿಸ್ತು ಅವರಲ್ಲಿ ನೆಲೆಗೊಂಡಿತು. ಅಷ್ಟರಲ್ಲಿ ಮ್ಯಾಜಿಸ್ಟ್ರೇಟರ ಪ್ರತಿಬಂಧಕಾಜ್ಞೆ ಹೊರಟಿತು. ಸಾವಿರಾರು ಜನ ಒಮ್ಮೆಗೇ ನುಗ್ಗಿದರೆ ಕೈಮೀರಬಹುದೆಂದು ಮನಗಂಡು ಮುಖಂಡರು ದೊಡ್ಡ ಮೆರವಣಿಗೆಯ ವಿಚಾರವನ್ನೇ ಕೈಬಿಟ್ಟು, ದಿನಕ್ಕೆ ಮೂವರು ಮಾತ್ರ ಹಲಗೆಯನ್ನು ದಾಟಲು ಮುಂದಾಗುವುದೆಂದು ಗೊತ್ತುಮಾಡಿದರು.

ಮಾರ್ಚ್ ೩೦ರ ಬೆಳಗ್ಗೆ ಖಾದಿಯುಟ್ಟ ಸ್ವಯಂಸೇವಕರು ಸಾಲಾಗಿ ನಡೆದುಬಂದು ಹಲಗೆಗೆ ಕೊಂಚ ದೂರದಲ್ಲಿ ನಿಂತರು. ಹೂಮಾಲೆ ಧರಿಸಿದ ಮೂವರು ಮಾತ್ರ ಮುಂದೆ ಸಾಗಿದರು: ಪುಲಯರ ಕುಂಞಪ್ಪಿ, ಈಳವರ ಬಾಹುಲೇಯನ್, ನಾಯರ್ ಕುಲದ ಗೋವಿಂದ ಪಣಿಕ್ಕರ್. ಪೊಲೀಸರು ಅವರ ಜಾತಿಗಳನ್ನು ವಿಚಾರಿಸಿ, ಗೋವಿಂದ ಪಣಿಕ್ಕರ್ ಹೋಗಬಹುದು, ಉಳಿದಿಬ್ಬರು ಹೋಗಕೂಡದು ಎಂದರು. ಸಂಗಡಿಗರನ್ನು ಬಿಟ್ಟು ಹೋಗಲು ಪಣಿಕ್ಕರ್ ಒಪ್ಪಲಿಲ್ಲ. ಮೂವರೂ ಬಂಧನಕ್ಕೊಳಗಾಗಿ ಸೆರೆಮನೆ ಸೇರಿದರು. ಮೂವರಲ್ಲಿ ಒಬ್ಬ ಸವರ್ಣನಿರಲೇಬೇಕೆಂದು ಆರಿಸಿದ್ದುದು ತೋರಿಕೆಗಲ್ಲ. ತೆರೆದ ದಾರಿ ತನ್ನೆದುರಿಗಿದ್ದರೂ ಅದನ್ನು ಒಲ್ಲೆನೆನ್ನುವ ನಾಯರ್, ನಿಷೇಧದ ಅನ್ಯಾಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟನು. ಏಳು ತಿಂಗಳ ತರುವಾಯ ಹೊರಟ ಸವರ್ಣ ಜಾಥಾದ ಬೀಜವನ್ನು ಈ ಒಬ್ಬ ವ್ಯಕ್ತಿಯ ನಿಲುವಿನಲ್ಲಿ ಕಾಣಬಹುದು.

ಶಿಬಿರದ ಬಾಳನ್ನು ಕುರಿತು ನಾಲ್ಕು ಮಾತು ಅವಶ್ಯಕ. ಶ್ರೀ ನಾರಾಯಣ ಗುರುಗಳು ವೈಕಂ ಸಮೀಪದ ತಮ್ಮ ವೆಲ್ಲೂರು ಮಠವನ್ನು ಸತ್ಯಾಗ್ರಹಿಗಳ ಆಶ್ರಮಕ್ಕಾಗಿ ಬಿಟ್ಟುಕೊಟ್ಟರು, ಸಾವಿರ ರೂಪಾಯಿ ಧನಸಹಾಯವನ್ನೂ ಮಾಡಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಸ್ವತಃ ಆಶ್ರಮಕ್ಕೆ ದಯಮಾಡಿಸಿದರು. ಅಲ್ಲಿ ಎಲ್ಲ ಜಾತಿಯವರಿಗೂ ಒಂದೇ ವಾಸ, ಒಂದೇ ಪಂಕ್ತಿ. ನೂಲುವುದು, ಭಜನೆ ಮಾಡುವುದು, ಸರದಿಯಂತೆ ಬೀದಿಯ ತಡೆಗಳ ಮುಂದೆ ಹೋಗಿ ಕುಳಿತುಕೊಳ್ಳುವುದು, ಇದೇ ದಿನಚರಿ. ಏಪ್ರಿಲ್ ತಿಂಗಳಲ್ಲಿ ಸರ್ಕಾರ ಬಂಧಿಸುವುದನ್ನು ನಿಲ್ಲಿಸಿ ಬೀದಿಗಳಿಗೆ ಬೇಲಿ ಕಟ್ಟಿಸಿತು. ಅಂದಿನಿಂದ ಸತ್ಯಾಗ್ರಹಿಗಳಿಗೆ ಸೆರೆಮನೆಯ ಗೌರವವೂ ತಪ್ಪಿ, ಬಿಸಿಲಲ್ಲಿ ಗಂಟೆಗಟ್ಟಲೆ ಸುಮ್ಮನೆ ಕುಳಿತಿರುವ ಕಷ್ಟವಷ್ಟೇ ಉಳಿಯಿತು. ಮಳೆಗಾಲದಲ್ಲಿ ಕೇರಳ ಕಂಡರಿಯದ ಮಹಾಪ್ರವಾಹ ಬಂದಿತು. ಕೊಲ್ಲಂ ವರ್ಷ ೧೦೯೯ರಲ್ಲಿ ಬಂದುದರಿಂದ ಅದನ್ನು ಇಂದಿಗೂ ‘ತೊಂಬತ್ತೊಂಬತ್ತರ ಪ್ರವಾಹ’ ಎಂದೇ ಕರೆಯುತ್ತಾರೆ. ಬೇಲಿಯ ಆಚೆ ಪೊಲೀಸರು ದೋಣಿಗಳಲ್ಲಿದ್ದರು, ಈಚೆ ಸತ್ಯಾಗ್ರಹಿಗಳು ನೀರಿನಲ್ಲಿ ನಿಂತಿದ್ದರು. ವಿರೋಧಿಗಳ ಕೈಯಾಳುಗಳು ಅವರನ್ನು ಥಳಿಸಿದುದುಂಟು, ಕಣ್ಣಿಗೆ ಸುಣ್ಣ ಹಾಕಿದುದೂ ಉಂಟು. ಹಾಗೆ ಕಣ್ಣಿಗೆ ಸುಣ್ಣ ಬಿದ್ದವರಲ್ಲಿ ರಾಮನ್ ಇಳಯತು ಸವರ್ಣ ಕುಲದವರು; ಆಮಚಾಡಿ ತೇವನ್ ಪುಲಯರು. ನಾಯರ್ ಕುಲದ ಚಿಟ್ಟೇಡತ್ತು ಶಂಕು ಪಿಳ್ಳೆಯವರು ಹೊಡೆತದ ಪರಿಣಾಮವಾಗಿ ಅಸುನೀಗಿದರು.

ಈ ನಡುವೆ ಗಾಂಧೀಜಿಯವರು ವಿಧಿಸಿದ ಕೆಲವು ಕಟ್ಟುಗಳು ಆಗಲೂ ಈಗಲೂ ಚರ್ಚೆಗೆ ಗುರಿಯಾಗಿವೆ. ಕ್ರೈಸ್ತರಾದ ಬ್ಯಾರಿಸ್ಟರ್ ಜಾರ್ಜ್ ಜೋಸೆಫ್ ಅವರು ಮುಂದಾಳುತನ ವಹಿಸಲು ಬಂದಾಗ, ಇದು ಹಿಂದೂಗಳು ತಾವೇ ಮಾಡಬೇಕಾದ ಪ್ರಾಯಶ್ಚಿತ್ತವೆಂದು ಅವರು ಪತ್ರ ಬರೆದರು. ಪಂಜಾಬಿನ ಅಕಾಲಿಗಳು ಬಂದು ತೆರೆದ ಅನ್ನಛತ್ರವನ್ನೂ ಮುಚ್ಚುವಂತೆ ಸೂಚಿಸಿದರು. ಹಸಿದವರಿಗೆ ಅನ್ನವಿಕ್ಕಲು ಇಷ್ಟು ದೂರದಿಂದ ಬಂದವರನ್ನು ಹಿಂದಕ್ಕೆ ಕಳುಹಿಸಿದುದು ಕಟುವಾಯಿತೆಂದು ಹೇಳದೆ ನಿರ್ವಾಹವಿಲ್ಲ. ದಾಸೋಹಕ್ಕೆ ಮತದ ಎಲ್ಲೆಯನ್ನು ಗೆರೆಯೆಳೆದು ತೋರಿಸುವುದು ಯಾರಿಗೂ ಒಪ್ಪುವ ಮಾತಲ್ಲ. ತಮಿಳುನಾಡಿನಿಂದ ಬಂದು ಎರಡು ಬಾರಿ ಸೆರೆವಾಸ ಕಂಡ ಇ. ವಿ. ರಾಮಸ್ವಾಮಿ ನಾಯ್ಕರ್ ಅವರೂ ಗಾಂಧೀಜಿಯವರ ರೀತಿಯನ್ನು ಮುಂದೆ ಕಟುವಾಗಿ ವಿಮರ್ಶಿಸಿದರು. ಆದರೂ ಆ ಕಟ್ಟಿನೊಳಗೆ ಒಂದು ತಿರುಳಿತ್ತು. ಹೊರಗಿನವರ ಧನಬಲ ಜನಬಲಗಳಿಂದ ಬೀದಿ ತೆರೆದಿದ್ದರೆ, ಸರ್ಕಾರ ಸೋತಿತೆಂದು ಸವರ್ಣರು ಹೇಳಿಕೊಳ್ಳಬಹುದಾಗಿತ್ತು. ತಾವು ಬದಲಾಗಬೇಕಾದ ಅಗತ್ಯ ಅವರಿಗೆ ಒದಗುತ್ತಿರಲಿಲ್ಲ. ಪ್ರಾಯಶ್ಚಿತ್ತ ಎಂಬ ಮಾತನ್ನು ಹಿಡಿದೇ ಗಾಂಧೀಜಿಯವರು ಸವರ್ಣರು ಮಾತ್ರ ಸೇರಿದ ಪಾದಯಾತ್ರೆಯೊಂದು ಹೊರಡಲೆಂದು ಸಲಹೆಯಿತ್ತರು.

ಕಾಲವೂ ಅನುಕೂಲವಾಗಿ ಒದಗಿತು. ೧೯೨೪ರ ಆಗಸ್ಟಿನಲ್ಲಿ ಮಹಾರಾಜ ಶ್ರೀಮೂಲಂ ತಿರುನಾಳ್ ಕಾಲವಾದರು. ಪಟ್ಟಕ್ಕೆ ಬರಬೇಕಾದವರು ಅಪ್ರಾಪ್ತ ವಯಸ್ಕರಾಗಿದ್ದುದರಿಂದ ಸೇತು ಲಕ್ಷ್ಮೀಬಾಯಿಯವರು ರೀಜೆಂಟ್ ಮಹಾರಾಣಿಯಾಗಿ ಅಧಿಕಾರ ವಹಿಸಿ, ಸೆರೆಯಲ್ಲಿದ್ದ ಸತ್ಯಾಗ್ರಹಿಗಳನ್ನು ಬಿಡುಗಡೆ ಮಾಡಿದರು. ಬಿನ್ನಹ ಒಯ್ಯುವುದಾದರೆ ಇದೇ ಸಮಯವೆಂದು ಎಲ್ಲರಿಗೂ ಅನಿಸಿತು.

ಬಿನ್ನವತ್ತಳೆಯ ವಿಷಯ ಇಲ್ಲಿ ತುಸು ವಿಸ್ತಾರವಾಗಿ ಹೇಳತಕ್ಕದ್ದು. ತಿರುವಾಂಕೂರಿಗೆ ಸಹಿಪತ್ರಗಳು ಹೊಸವಲ್ಲ. ೧೮೯೧ರಲ್ಲಿ ಸರ್ಕಾರಿ ಹುದ್ದೆಗಳು ಪರಸ್ಥಳದವರ ಪಾಲಾಗುತ್ತಿವೆಯೆಂದು ‘ಮಲೆಯಾಳಿ ಮೆಮೋರಿಯಲ್’ ಸಲ್ಲಿಕೆಯಾಗಿತ್ತು. ಅದಕ್ಕೆ ಹತ್ತು ಸಾವಿರಕ್ಕೂ ಮಿಕ್ಕ ಸಹಿಗಳಿದ್ದವು. ೧೮೯೬ರಲ್ಲಿ ಡಾಕ್ಟರ್ ಪಲ್ಪು ಅವರ ಮುಂದಾಳುತನದಲ್ಲಿ ೧೩,೧೭೬ ಮಂದಿ ಈಳವರು ಸಹಿ ಹಾಕಿ, ತಮ್ಮ ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ಪ್ರವೇಶವೂ ವಿದ್ಯಾವಂತರಿಗೆ ಉದ್ಯೋಗವೂ ದೊರಕಬೇಕೆಂದು ಬೇಡಿದರು. ಈ ಪಲ್ಪು ಕನ್ನಡನಾಡಿಗೆ ಅಪರಿಚಿತರಲ್ಲ. ಈಳವರೆಂಬ ಒಂದೇ ಕಾರಣಕ್ಕೆ ತಾಯ್ನಾಡಿನಲ್ಲಿ ವೈದ್ಯಹುದ್ದೆ ನಿರಾಕೃತವಾಗಲು, ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಬೆಂಗಳೂರಿನ ಪ್ಲೇಗಿನ ದಿನಗಳಲ್ಲಿ ರೋಗಿಗಳ ನಡುವೆ ದುಡಿದವರು. ಅವರ ಬಿನ್ನಹಕ್ಕೆ ತಿರುವಾಂಕೂರು ಸರ್ಕಾರ ಮನ್ನಣೆ ಕೊಡಲಿಲ್ಲ.

ಆ ಎರಡು ಮೆಮೋರಿಯಲ್‌ಗಳಲ್ಲಿಯೂ ಸಹಿ ಮಾಡಿದವರು ತಮಗಾಗಿಯೇ ಬೇಡಿದವರು. ೧೯೨೪ರ ಬಿನ್ನವತ್ತಳೆ ಇವುಗಳಿಂದ ಭಿನ್ನವಾದುದು ಈ ಅಂಶದಲ್ಲಿಯೇ. ಅದಕ್ಕೆ ಇಪ್ಪತ್ತೈದು ಸಾವಿರದಷ್ಟು ಸವರ್ಣರು ಸಹಿ ಹಾಕಿದರು, ಅದೂ ಇತರರಿಗಾಗಿ. ಊರಿನಲ್ಲಿ ನಾಲ್ಕು ಜನರೆದುರು ತನ್ನ ಹೆಸರನ್ನೂ ಮನೆತನವನ್ನೂ ಬರೆದು ಸಹಿ ಮಾಡುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಮನೆಯ ಹಿರಿಯರಿಗೆ, ನೆಂಟರಿಗೆ, ದೇವಾಲಯದ ಅಧಿಕಾರಸ್ಥರಿಗೆ ಉತ್ತರ ಹೇಳಬೇಕಾಗುತ್ತಿತ್ತು. ಭಾಷಣಕ್ಕೆ ಚಪ್ಪಾಳೆ ತಟ್ಟಿದವನು ಮನೆಗೆ ಹೋಗಿ ಮರೆಯಬಹುದು. ಸಹಿ ಹಾಕಿದವನಿಗೆ ಆ ಅನುಕೂಲವಿಲ್ಲ. ಆದುದರಿಂದ ಈ ಸಹಿ ಸಂಗ್ರಹವನ್ನು ಯಾತ್ರೆಯ ಅಂಗವೆನ್ನುವುದಕ್ಕಿಂತ ಯಾತ್ರೆಯ ಮೊದಲ ಹಂತವೆನ್ನುವುದೇ ಸರಿ. ನಾಯರ್ ಸರ್ವಿಸ್ ಸೊಸೈಟಿಯಂತಹ ಸವರ್ಣ ಸಂಘಗಳ ಬೆಂಬಲ ದೊರೆತದ್ದು ಈ ಕಾರ್ಯವನ್ನು ಸುಗಮಗೊಳಿಸಿತು.

ಯಾತ್ರೆಯ ನಾಯಕತ್ವ ವಹಿಸಿದವರು ಆ ಸೊಸೈಟಿಯನ್ನು ೧೯೧೪ರಲ್ಲಿ ಸ್ಥಾಪಿಸಿದ ಮನ್ನತ್ತು ಪದ್ಮನಾಭನ್. ಚಂಗನಾಶ್ಶೇರಿಯ ಪೆರುನ್ನದಲ್ಲಿ ೧೮೭೮ರಲ್ಲಿ ಬಡಕುಟುಂಬದಲ್ಲಿ ಜನಿಸಿ, ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ಬಾಳನ್ನು ಆರಂಭಿಸಿ, ಅನಂತರ ವಕೀಲರಾದವರು. ನಾಯರ್ ಸಮಾಜಕ್ಕಾಗಿ ಶಾಲೆ ಕಟ್ಟಿಸಲು ಅವರು ಮನೆಮನೆಯಿಂದ ‘ಪಿಡಿಯರಿ’ ಎತ್ತಿಸಿದರು. ಅಡಿಗೆಗೆ ಅಕ್ಕಿ ಅಳೆಯುವಾಗ ಗೃಹಿಣಿ ಒಂದು ಹಿಡಿಯನ್ನು ತೆಗೆದು ಬೇರೆಯಿರಿಸುವುದೇ ಪಿಡಿಯರಿ. ಹೀಗೆ ಅಡಿಗೆಮನೆಯ ತನಕ ಹೋಗಿ ಜನರನ್ನು ಒಂದುಗೂಡಿಸಿ ಬಲ್ಲವರಿಗೆ ದೊಡ್ಡ ಪಾದಯಾತ್ರೆಯ ಏರ್ಪಾಡು ಕಠಿಣವೆನಿಸಲಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ಅವರು ತಮ್ಮ ಕುಟುಂಬದ ದೇವಾಲಯವನ್ನು ಅವರ್ಣರಿಗೆ ತೆರೆದಿದ್ದರು. ಸ್ವಂತ ಮನೆಯ ಬಾಗಿಲನ್ನು ಮುಚ್ಚಿಕೊಂಡು ಊರಬೀದಿ ತೆರೆಯಲಿ ಎಂದು ಅರಸೊತ್ತಿಗೆಯನ್ನು ಬೇಡಲು ಹೊರಟಿದ್ದರೆ ವಿರೋಧಿಗಳು ದಾರಿಯ ಮೊದಲ ತಿರುವಿನಲ್ಲಿಯೇ ಅದನ್ನೆತ್ತಿ ಆಡುತ್ತಿದ್ದರು. ಬಸವಣ್ಣನವರು ನಾಗಿದೇವನ ಮನೆಗೆ ತಾವೇ ನಡೆದುಹೋದ ಪ್ರಸಂಗವನ್ನು ಹರಿಹರನ ರಗಳೆಯಲ್ಲಿ ಓದಿದವರಿಗೆ, ಹೆಜ್ಜೆಯಿಡಬೇಕಾದವರು ಮೇಲಿನವರೇ ಎಂಬ ಈ ತತ್ತ್ವ ಹೊಸತಾಗಿ ತೋರಲಾರದು.

‘ಜಾಥಾ’ ಎಂಬ ಶಬ್ದವನ್ನು ಕುರಿತೂ ಒಂದು ಮಾತು. ಇದು ಪಂಜಾಬಿ ಪದ. ಗುಂಪು, ದಂಡು ಎಂದರ್ಥ. ಗುರುದ್ವಾರಗಳ ಸುಧಾರಣೆಗಾಗಿ ಅಕಾಲಿಗಳು ಸಾಲುಸಾಲಾಗಿ ಹೊರಟು, ಏಟು ತಿಂದರೂ ಕೈಯೆತ್ತದೆ ನಿಂತ ಆ ವರ್ಷಗಳಲ್ಲಿ ಈ ಶಬ್ದ ನಾಡಿನುದ್ದಕ್ಕೂ ಪರಿಚಿತವಾಯಿತು. ಇಂದು ಕನ್ನಡದಲ್ಲಿ ಸಾಕ್ಷರತಾ ಜಾಥಾ, ಸೈಕಲ್ ಜಾಥಾ ಎಂದು ಹಗುರವಾಗಿ ಬಳಸುವ ಈ ಮಾತಿನ ಹಿಂದೆ ಇಂಥ ಸಹನೆಯ ನೆನಪಿದೆ. ಅನ್ನಛತ್ರವನ್ನು ಮುಚ್ಚಿ ಅಕಾಲಿಗಳು ಹೊರಟುಹೋದರೂ ಅವರ ಶಬ್ದ ಮಾತ್ರ ವೈಕಂನಲ್ಲಿಯೇ ಉಳಿಯಿತು.

ಹೊರಟ ಬಳಿಕವೂ ಸಿದ್ಧತೆ ನಿಲ್ಲಲಿಲ್ಲ. ದಾರಿಯ ಊರುಗಳಲ್ಲಿ ಸಭೆಗಳು ನಡೆದವು. ಕೇಳಲು ಬಂದವರಲ್ಲಿ ಕೆಲವರು ಜೊತೆಗೂಡಿದರು. ಹೊಸದಾಗಿ ಸೇರಿದವರಿಗೂ ವೈಕಂನ ಶಿಸ್ತೇ ಅನ್ವಯಿಸುತ್ತಿತ್ತು. ವರ್ಕಲದ ಶಿವಗಿರಿಯಲ್ಲಿ ನಾರಾಯಣ ಗುರುಗಳು ಯಾತ್ರಿಕರನ್ನು ಹರಸಿದರು. ಈಳವ ಕುಲದಲ್ಲಿ ಹುಟ್ಟಿದ ಗುರುವಿನ ಸನ್ನಿಧಿಯಲ್ಲಿ ಸವರ್ಣರು ಕೈಮುಗಿದು ನಿಂತ ಆ ಸಂದರ್ಭ, ರಾಜಧಾನಿಯಲ್ಲಿ ಮುಂದೆ ನಡೆದುದಕ್ಕಿಂತಲೂ ಹೆಚ್ಚು ಮಹತ್ತ್ವದ್ದೆಂದು ತೋರುತ್ತದೆ. ಇದೇ ವೇಳೆಗೆ ದಕ್ಷಿಣದ ಶುಚೀಂದ್ರದಿಂದ ಡಾಕ್ಟರ್ ಎಂಪೆರುಮಾಳ್ ನಾಯ್ಡು ಅವರ ನೇತೃತ್ವದಲ್ಲಿ ಇನ್ನೊಂದು ಸವರ್ಣ ಜಾಥಾ ಹೊರಟು, ನವೆಂಬರ್ ಎರಡನೆಯ ವಾರದಲ್ಲಿ ಎರಡೂ ತಿರುವನಂತಪುರವನ್ನು ಸೇರಿದವು. ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೆಯವರ ಮುಂದಾಳುತನದ ನಿಯೋಗವೊಂದು ರೀಜೆಂಟ್ ಮಹಾರಾಣಿಯವರಿಗೆ ಬಿನ್ನವತ್ತಳೆಯನ್ನು ಒಪ್ಪಿಸಿತು. ಯಾತ್ರೆಯಲ್ಲಿ ಹಿಂಸಾಚಾರದ ಸುದ್ದಿ ಇಲ್ಲ. ವಿಷಯ ಶಾಸನಸಭೆಯಲ್ಲಿ ನಿರ್ಣಯವಾಗಬೇಕೆಂಬುದು ಮಹಾರಾಣಿಯವರ ಉತ್ತರವಾಯಿತು.

ಶಾಸನಸಭೆಯಲ್ಲಿ ಎಸ್. ಎನ್. ಡಿ. ಪಿ. ಯೋಗದ ಕಾರ್ಯದರ್ಶಿ ಎನ್. ಕುಮಾರನ್ ಅವರು ಮಂಡಿಸಿದ ನಿರ್ಣಯ ೧೯೨೫ರ ಫೆಬ್ರವರಿಯಲ್ಲಿ ಮತಕ್ಕೆ ಬಂದಿತು. ಪರವಾಗಿ ೨೧, ವಿರುದ್ಧವಾಗಿ ೨೨. ಇಪ್ಪತ್ತೈದು ಸಾವಿರ ಸಹಿಗಳೂ ನೂರು ಮೈಲಿಯ ನಡಿಗೆಯೂ ಒಂದೇ ಒಂದು ಮತದಿಂದ ಸೋತವು. ವಿರುದ್ಧ ಮತ ಹಾಕಿದವರಲ್ಲಿ ಈಳವ ಸಮಾಜದವರೇ ಆದ ಸದಸ್ಯರೊಬ್ಬರಿದ್ದುದು ಆ ಕಾಲದ ಜನರನ್ನು ಬಹುವಾಗಿ ನೋಯಿಸಿತು. ಬೇಸಗೆ, ಪ್ರವಾಹ, ಏಟು, ಸುಣ್ಣ ಎಲ್ಲವನ್ನೂ ಸಹಿಸಿದ ಶಿಬಿರಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ಆಗ. ಕಳೆದ ಮಾರ್ಚಿನಿಂದ ಅಭ್ಯಾಸವಾದ ಶಿಸ್ತು ಇಲ್ಲದಿದ್ದರೆ ಅಂದು ಬೇಲಿಗಳು ಮುರಿಯುತ್ತಿದ್ದವೆಂಬುದರಲ್ಲಿ ಸಂದೇಹವಿಲ್ಲ. ಬೇಲಿಗಳು ಮುರಿಯಲಿಲ್ಲ. ಮರುದಿನವೂ ಸರದಿಯವರು ತಮ್ಮ ಸ್ಥಳಗಳಿಗೆ ಹೋಗಿ ಕುಳಿತರು.

ಮಾರ್ಚಿನಲ್ಲಿ ಗಾಂಧೀಜಿಯವರೇ ವೈಕಂಗೆ ಬಂದು, ಸಂಪ್ರದಾಯ ಪಕ್ಷದ ಮುಖಂಡರಾದ ಇಂಡಂತುರುತ್ತಿ ನಂಬೂದಿರಿಯವರೊಡನೆ ಅವರ ಮನೆಯಲ್ಲಿ ಸಂವಾದ ನಡೆಸಿದರು. ಗಾಂಧೀಜಿ ವೈಶ್ಯಕುಲದವರಾದುದರಿಂದ ಅವರಿಗೆ ಮನೆಯೊಳಗೆ ಆಸನ ದೊರೆಯಲಿಲ್ಲ. ಹೊರಗಣ ಚಾವಡಿಯಲ್ಲಿ ಮಾತುಕತೆ ನಡೆಯಿತು. ಶಾಸ್ತ್ರಗಳನ್ನು ಕುರಿತು ದೀರ್ಘವಾಗಿ ಚರ್ಚೆಯಾದರೂ ನಂಬೂದಿರಿಯವರ ಮನ ಕರಗಲಿಲ್ಲ. ಕೊನೆಗೆ ಸರ್ಕಾರದೊಡನೆ ನಡೆದ ಒಪ್ಪಂದದಂತೆ ಬೀದಿಗಳು ಮೂರು ಕಡೆ ಎಲ್ಲರಿಗೂ ತೆರೆದವು. ಪೂರ್ವದ ಬೀದಿ ಸವರ್ಣರಿಗೇ ಮೀಸಲಾಗಿ ಉಳಿಯಿತು. ೧೯೨೫ರ ನವೆಂಬರ್ ೨೩ರಂದು, ಆರಂಭವಾದ ೬೦೩ ದಿನಗಳಿಗೆ, ಸತ್ಯಾಗ್ರಹ ಮುಗಿಯಿತು.

ಪೂರ್ವದ ಬೀದಿಯನ್ನು ಬಿಟ್ಟುಕೊಟ್ಟ ಈ ಒಪ್ಪಂದ ಅನೇಕರಿಗೆ ತೃಪ್ತಿ ತರಲಿಲ್ಲ, ತರಬೇಕಾದುದೂ ಇಲ್ಲ. ಆದರೆ ತಿರುವಾಂಕೂರಿನ ಸರ್ಕಾರಿ ದೇವಾಲಯಗಳೆಲ್ಲ ಸಕಲ ಹಿಂದೂಗಳಿಗೂ ತೆರೆದಿವೆಯೆಂದು ೧೯೩೬ರ ನವೆಂಬರ್ ೧೨ರಂದು ಮಹಾರಾಜ ಚಿತ್ತಿರ ತಿರುನಾಳ್ ಘೋಷಣೆ ಹೊರಡಿಸಿದಾಗ, ಆ ಸಂಸ್ಥಾನದಲ್ಲಿ ಅದನ್ನು ವಿರೋಧಿಸಿ ದೊಡ್ಡ ದಂಗೆಗಳೇನೂ ಏಳಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಸಹಿ ಹಾಕಿದ ಮನೆಗಳು ಆಗ ಇದ್ದೇ ಇದ್ದವು. ವೈಕಂನ ಆ ನಂಬೂದಿರಿ ಮನೆಯೂ ಮುಂದೆ ಕೈಬದಲಾಗಿ, ಶೇಂದಿ ಇಳಿಸುವ ಕೆಲಸಗಾರರ ಸಂಘದ ಪಾಲಾಯಿತು. ಆ ಕಸುಬು ಹೆಚ್ಚಾಗಿ ಈಳವರದು.